ಮೂರು ಲಂಗ, ಎರಡು ರವಿಕೆ

ಕೇಳ್ರೇ ಗೆಳತಿಯರಾ, ಇವತ್ತು ನನ್ನ ನೋಡೋಕೆ ಚನ್ನರಾಯಪಟ್ಟಣದಿಂದ ನಮ್ಮ ಹೊಳೆನರಸೀಪುರಕ್ಕೆ ಗಂಡಿನ ಕಡೆಯೋರು ಬಂದಿದ್ರು. ಗಂಡು ಮಿಡ್ಲ್ ಸ್ಕೂಲ್ ಮೇಷ್ಟ್ರು.

ಹೋದ ಸಲ ಬಂದಿದ್ದ ಅರಕಲಗೂಡಿನೋರು "ಹುಡುಗಿ ಕಡ್ಡಿ ಅಂಗವ್ಳೆ, ಕ್ಷಯ ಗಿಯ ಐತೋ ಏನೋ" ಅಂತ ಎದ್ದು ಹೋಗಿದ್ರು. ಅದಕ್ಕೇ ಅವ್ವ ಈ ಸುಡು ಬಿಸಿಲಲ್ಲಿ ನನಗೆ ಸೀರೆಯೊಳಗೆ ಮೂರು ಲಂಗ ಉಡಿಸಿ, ಒಂದರ ಮೇಲೊಂದು ಎರಡು ರವಿಕೆ ತೊಡಿಸಿದ್ಲು. "ಕೆಮ್ಮಬ್ಯಾಡ ಕಣೇ, ಕೆಮ್ಮಿದ್ರೆ ಮುಗೀತು" ಅಂದ್ಲು. ಅಂದಿದ್ದೇ ತಡ, ಗಂಟಲು ಕೆರೆಯೋಕೆ ಶುರುವಾಯ್ತು.

ಉಪ್ಪಿಟ್ಟಿನ ತಟ್ಟೆ ಕೊಡುವಾಗ ಗಂಡಿನ ಸೋದರತ್ತೆ ನನ್ನ ಮಣಿಕಟ್ಟು ಹಿಡಕೊಂಡ್ರು. "ಮೈ ತುಂಬ್ಕಂಡೈತೆ, ಕೈ ಯಾಕವ್ವ ಇಂಗೆ?"

"ರಾಗಿ ಬೀಸೀ ಬೀಸೀ ಕೈ ಕರಗೋಗೈತೆ" ಅಂದ್ಲು ಅವ್ವ. ಕೆಮ್ಮು ನುಂಗಿ ನುಂಗಿ ನನ್ನ ಕಣ್ಣಲ್ಲಿ ನೀರು ಬಂತು.

"ಪಾಪ, ನಾಚ್ಕಂಡವ್ಳೆ" ಅಂತ ಆಯಮ್ಮ ನಕ್ಕರು. "ಇಂಥಾ ಮೈಕಟ್ಟಿನ ಹೆಣ್ಣೇ ಬೇಕಾಗಿತ್ತು. ನಮಗೆ ಒಪ್ಗೆ."

ಅವ್ವ ಈಗ ಖುಷಿಯಲ್ಲಿ ಪಾಯಸ ಮಾಡ್ತಾವ್ಳೆ. ಅವರು ಒಪ್ಪಿದ ಮೈಯಲ್ಲಿ ಅರ್ಧ, ಬೆವರಲ್ಲಿ ನೆಂದು, ಹಿತ್ತಲ ತಂತಿ ಮೇಲೆ ಒಣಗ್ತಾ ಐತೆ.