ಪೂರ್ವದ ಮೆಟ್ಟಿಲಿಗೆ ಕ್ಯಾಮೆರಾ ಹಾಕಿದ್ದು

ಹಲಸೂರಿನ ಆಚೆಗಿದ್ದ ಆ ಫುಟ್‌ಬಾಲ್ ಸ್ಟೇಡಿಯಮ್ಮಿಗೆ ಕ್ಯಾಮೆರಾ ಹಾಕುವ ಕೆಲಸ ಸಿಕ್ಕಾಗ ನನಗೆ ಮೂವತ್ತೆಂಟು. ಅಲ್ಲಿಯತನಕ ಶಿವಾಜಿನಗರದ ಬಟ್ಟೆ ಅಂಗಡಿಗಳಿಗೆ ಎರಡು, ಮೂರು ಕ್ಯಾಮೆರಾ ಹಾಕಿಕೊಂಡಿದ್ದವನಿಗೆ ಒಮ್ಮೆಲೇ ಹದಿನಾರು. ಮೂರು ತಿಂಗಳು ಗ್ಯಾಲರಿ ಅಳೆದೆ, ಕಾಂಕ್ರೀಟು ಕೊರೆದೆ, ಕೇಬಲ್ ಎಳೆದೆ. ಸಂಜೆ ಮನೆಗೆ ಬಂದು ಸೀನಿದರೆ ಮೂಗಿನಿಂದ ಸಿಮೆಂಟೇ ಬರುತ್ತಿತ್ತು.

ಪೂರ್ವದ ಗೇಟಿನಲ್ಲಿ ಹಿರಿಯ ಕಾವಲುಗಾರರೊಬ್ಬರಿದ್ದರು. ದೊಡ್ಡನೆಕ್ಕುಂದಿಯ ಒಕ್ಕಲು ಮನೆತನದವರು. ರಾಗಿ ಹೊಲ ಕಾರ್ಖಾನೆಗೆ ಹೋದ ಮೇಲೆ ಈ ಗೇಟಿಗೆ ಬಂದು ನಿಂತವರು. ನಾನು ನಕ್ಷೆ ಹಿಡಿದು ಓಡಾಡುವುದನ್ನು ಕೆಲವು ದಿನ ನೋಡಿ, ಒಮ್ಮೆ ಕೇಳಿದರು.

"ಈ ಮೆಟ್ಲಿಗೆ ಯಾವ್ದು ಸಾರ್?"

"ಇಲ್ಲಿಗಿಲ್ಲ. ಕಂಬದ ಮೇಲಿರೋದು ಗೇಟ್ ನೋಡತ್ತೆ."

"ಗೇಟಲ್ಲೇನೂ ಆಗಲ್ಲ ಸಾರ್. ಮ್ಯಾಚ್ ಮುಗೀತಿದ್ದಂಗೆ ಎಲ್ರೂ ಇಲ್ಲೇ ನುಗ್ಗೋದು. ತಿರುವಲ್ಲಿ ಒಬ್ಬ ಬಿದ್ರೆ ಹಿಂದಿನೋರಿಗೆ ಕಾಣಲ್ಲ."

ಅವರ ಮಾತು ಸರಿಯೆಂದು ಗೊತ್ತಿತ್ತು. ಆದರೆ ಸ್ಟೇಡಿಯಮ್ ಸಮಿತಿಯ ಕಾರ್ಯದರ್ಶಿಗೆ ಗಣ್ಯರ ಗ್ಯಾಲರಿಯಲ್ಲೇ ನಾಲ್ಕು ಬೇಕಿತ್ತು. "ಅದ್ರಲ್ಲಿ ಒಂದೂ ತೆಗೀಬೇಡ್ರಿ" ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ನಕ್ಷೆಯನ್ನು ಅದಾಗಲೇ ಮೂರು ಸಲ ತಿದ್ದಿದ್ದೆ. ಮತ್ತೆ ವಾದಿಸುವ ತ್ರಾಣ ನನ್ನಲ್ಲಿರಲಿಲ್ಲ.

ಮೊದಲ ದೊಡ್ಡ ಪಂದ್ಯದ ಸಂಜೆ ಗ್ಯಾಲರಿಯ ಕೆಳಗಿನ ಕೋಣೆಯಲ್ಲಿ ಪರದೆಗಳ ಮುಂದೆ ಕೂತಿದ್ದೆ. ಆಟ ಮುಗಿಯಿತು. ನಾಲ್ಕು ಚೌಕಗಳಲ್ಲಿ ಗಣ್ಯರು ಎದ್ದುಹೋದ ಖಾಲಿ ಸೋಫಾಗಳು. ಗೋಡೆಯಾಚೆಯಿಂದ ಕಿರುಚಾಟ ಕೇಳಿತು. ಯಾವ ಚೌಕದಲ್ಲೂ ಏನೂ ಕಾಣಲಿಲ್ಲ. ಓಡಿದೆ. ಮೆಟ್ಟಿಲ ತಿರುವಿನಲ್ಲಿ ಆ ಹಿರಿಯರು ಒಬ್ಬ ಹುಡುಗಿಯನ್ನು ಗೋಡೆಗೆ ಒತ್ತಿಕೊಂಡು, ಬೆನ್ನಿಗೆ ಜನರ ಭಾರ ಹೊತ್ತು ನಿಂತಿದ್ದರು. ಹುಡುಗಿಗೆ ಏನೂ ಆಗಲಿಲ್ಲ. ಅವರ ಬಲಗೈ ಮುರಿದಿತ್ತು.

ಮರುದಿನ ಆಸ್ಪತ್ರೆಗೆ ಹೋಗಿ, "ನೀವು ಹೇಳಿದಾಗ್ಲೇ ಹಾಕ್ಬೇಕಿತ್ತು" ಎಂದೆ.

"ನೀವೂ ಕೆಲ್ಸ ಉಳಿಸ್ಕೋಬೇಕಲ್ಲ ಸಾರ್" ಎಂದರು.

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಲ್ಲಿಂದ ನೇರವಾಗಿ ಸ್ಟೇಡಿಯಮ್ಮಿಗೆ ಹೋಗಿ, ಯಾರನ್ನೂ ಕೇಳದೆ ಗಣ್ಯರ ಗ್ಯಾಲರಿಯ ಒಂದು ಕ್ಯಾಮೆರಾ ಬಿಚ್ಚಿ ಮೆಟ್ಟಿಲ ತಿರುವಿಗೆ ಹಾಕಿದೆ. ಕಾರ್ಯದರ್ಶಿ ಕೂಗಾಡಿದರು. ಪಂದ್ಯದ ದಿನದ ರೆಕಾರ್ಡಿಂಗ್ ಹಾಕಿ ತೋರಿಸಿದೆ. ಖಾಲಿ ಸೋಫಾಗಳನ್ನು ನೋಡಿ ಎದ್ದುಹೋದರು. ಕ್ಯಾಮೆರಾ ಅಲ್ಲೇ ಉಳಿಯಿತು.

ಕೈ ಕೂಡಿದರೂ ಆ ಹಿರಿಯರಿಗೆ ಗೇಟು ತಳ್ಳಲಾಗುತ್ತಿರಲಿಲ್ಲ. ಸಮಿತಿಯವರು ಅವರನ್ನು ಪರದೆಗಳ ಮುಂದೆ ಕೂರಿಸಿದರು. ದೊಡ್ಡ ಉಪಕಾರ ಮಾಡಿದೆವೆಂದೇ ಅವರ ಭಾವನೆ. ನನಗೂ ಹಾಗೇ ಅನ್ನಿಸಿತ್ತು. ಒಂದು ಮಧ್ಯಾಹ್ನ ರಿಪೇರಿಗೆ ಹೋದಾಗ ಕುರ್ಚಿ ಖಾಲಿ. ಅವರು ಬಿಸಿಲಲ್ಲಿ ಗೇಟಿನ ಹತ್ತಿರ ನಿಂತಿದ್ದರು.

"ಒಳಗೆ ಎಲ್ರೂ ಕಾಣ್ತಾರೆ ಸಾರ್. ಒಬ್ರೂ ಮಾತಾಡ್ಸಲ್ಲ."

ಅದೇ ತಿಂಗಳು ಕೆಲಸ ಬಿಟ್ಟರಂತೆ. ನನಗೆ ತಿಳಿದದ್ದು ಮುಂದಿನ ರಿಪೇರಿಯ ದಿನ. ಪರದೆಯ ಧೂಳು ಒರೆಸಿ, ಸಡಿಲವಾಗಿದ್ದ ವೈರು ಬಿಗಿಮಾಡಿ, ಮನೆ ಕಡೆ ಹೋಗುವ ಕೆ.ಆರ್. ಪುರದ ಬಸ್ಸು ಹತ್ತಿದೆ. ಇಂದಿರಾನಗರ ದಾಟುವವರೆಗೂ ನಿಂತೇ ಇದ್ದೆ. ಪಕ್ಕದ ಸೀಟು ಖಾಲಿಯಾದದ್ದನ್ನು ಕಂಡಕ್ಟರೇ ತೋರಿಸಬೇಕಾಯಿತು.