ಮುನಿವೆಂಕಟಮ್ಮನಿಗೆ ಇಂಗ್ಲಿಷ್ ಪಾಠ

ಬಂಗಾರಪೇಟೆ ನಿಲ್ದಾಣದ ಹೊರಗೆ ಮೊನ್ನೆ ಯಾರೋ ಹಾಲಿನ ಕ್ಯಾನು ತೊಳೆಯುತ್ತಿದ್ದರು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ನಿಂತುಬಿಟ್ಟಿತು. ನಿಮಗೂ ಹೀಗಾಗಿರಬಹುದು; ನಾವು ಮರೆತೆವೆಂದುಕೊಂಡದ್ದನ್ನು ಮೂಗು ಮರೆತಿರುವುದಿಲ್ಲ.

ಕ್ಯಾಸಂಬಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ, ಹಾಲಿನ ಡೇರಿಯ ಪಕ್ಕದ ಕೋಣೆಯಲ್ಲಿ, ಭಾನುವಾರಗಳಂದು ಹೆಂಗಸರಿಗೆ ಇಂಗ್ಲಿಷ್ ಕಲಿಸುತ್ತಿದ್ದೆ. ವಾರವಿಡೀ ಹೈಸ್ಕೂಲಿನಲ್ಲಿ ಕಲಿಸಿದ್ದು ಸಾಲದೆಂಬಂತೆ. ಪಾಠ ಟಿಪ್ಪಣಿ ಬರೆಯುವುದರಲ್ಲಿ ನನಗೆ ವಿಪರೀತ ಹೆಮ್ಮೆ. ಐದು ನಿಮಿಷ ಪೀಠಿಕೆ, ಹತ್ತು ನಿಮಿಷ ಹೊಸ ಪದ, ಇಪ್ಪತ್ತು ನಿಮಿಷ ಸಂಭಾಷಣೆ. ಎಲ್ಲಕ್ಕೂ ಮೂರು ಬಣ್ಣದ ಪೆನ್ನು. ಮನೆಯಲ್ಲಿ ಸಾರಿಗೆ ಉಪ್ಪು ಹಾಕುವುದನ್ನೇ ಮರೆಯುವವಳು, ಟಿಪ್ಪಣಿಯಲ್ಲಿ ಮಾತ್ರ ಒಂದು ನಿಮಿಷ ಆಚೀಚೆಯಾಗಲು ಬಿಟ್ಟವಳಲ್ಲ.

ಮುನಿವೆಂಕಟಮ್ಮ ಮುಂದಿನ ಸಾಲಿನಲ್ಲೇ ಕೂರುತ್ತಿದ್ದಳು. ನಲವತ್ತು ದಾಟಿದ ವಯಸ್ಸು, ಎರಡು ಹಸು, ಒಂದಿಷ್ಟು ರಾಗಿ ಹೊಲ. ಕನ್ನಡವನ್ನೇ ಕೂಡಿಸಿಕೊಂಡು ಓದುವವಳು. ವಾರಗಳ ಹೆಸರು ಕಲಿಸುವಾಗ, ವೆನ್ಸ್‌ಡೇ ಬರೆಯುವಾಗ ನಡುವೆ ಬರುವ, ಬಾಯಿಬಿಡದ ‘ಡಿ’ ಅಕ್ಷರ ಕಂಡು ಜಗಳಕ್ಕೇ ಬಂದಿದ್ದಳು.

"ಕೂಗದ ಅಕ್ಸರಾನ ಯಾಕ್ ಸಾಕ್ಬೇಕು ಮೇಡಮ್ಮೋರೆ? ಆಲು ಕೊಡದ ಅಸೂನ ನಾವು ಕಟ್ಕೋತೀವಾ?"

ಅವತ್ತಿನ ಪಾಠ ರೈಲ್ವೆ ನಿಲ್ದಾಣ. ಟಿಕೆಟ್ ಕೇಳುವುದು, ರೈಲಿನ ಹೊತ್ತು ವಿಚಾರಿಸುವುದು. ಬಂಗಾರಪೇಟೆಯಲ್ಲಿ ಇಂಗ್ಲಿಷಿನಲ್ಲಿ ಟಿಕೆಟ್ ಕೇಳುವವರು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. ಪೀಠಿಕೆಯ ನಡುವೆ ಅವಳು ಎದ್ದು ಬಂದು, ಸೆರಗಿನ ಮರೆಯಿಂದ ಮಡಿಸಿದ ಕಾಗದ ತೆಗೆದಳು.

"ಆಸ್ಪತ್ರೇಲಿ ಕೊಟ್ರು. ಇದ್ರಾಗೇನೈತೆ, ಒಸಿ ಓದೇಳ್ತೀರಾ?"

ಗಡಿಯಾರ ನೋಡಿದೆ. ಕಾಗದ ಬಿಡಿಸಿ, ಕಣ್ಣಾಡಿಸಿದಂತೆ ಮಾಡಿ, ಅವಳ ಕೈಗೇ ಕೊಟ್ಟೆ. "ಆಮೇಲೆ ನೋಡೋಣ, ಈಗ ಕೂತ್ಕೊಳ್ಳಿ."

ಪಾಠ ಮುಗಿಯುವಷ್ಟರಲ್ಲಿ ಹಾಲು ಕರೆಯುವ ಹೊತ್ತಾಗಿ ಅವಳು ಹೊರಟುಹೋಗಿದ್ದಳು. ಮುಂದಿನ ಭಾನುವಾರ ಅವಳೂ ಕೇಳಲಿಲ್ಲ, ನನಗೂ ನೆನಪಾಗಲಿಲ್ಲ. ಕೆಲವು ತಿಂಗಳಾದ ಮೇಲೆ ತರಗತಿಗೆ ಬರುವುದನ್ನೇ ಬಿಟ್ಟಳು. ಹಸು ಕರು ಹಾಕಿರಬೇಕು ಅಂದುಕೊಂಡು ಸುಮ್ಮನಾದೆ.

ಕೊನೆಗೆ ಬಂದವನು ಅವಳ ಗಂಡ, ಅದೇ ಕಾಗದ ಹಿಡಿದುಕೊಂಡು. ಅವಳನ್ನು ಮಣ್ಣು ಮಾಡಿ ಹದಿನೈದು ದಿನವಾಗಿತ್ತು.

"ಎದೇಲಿ ಗಂಟಿತ್ತಂತೆ. ನಂಗೆ ಏಳ್ನೇ ಇಲ್ಲ. ಯಾಕೆ ಅಂತ ಕೇಳಿದ್ರೆ, 'ಮೇಡಮ್ಮೋರ್ಗೆ ತೋರ್ಸಿದ್ದೆ, ಅವ್ರು ಏನೂ ಅನ್ನಿಲ್ಲ, ಅದ್ಕೇ ಏನೂ ಇರಾಕಿಲ್ಲ ಅಂದ್ಕೊಂಡೆ' ಅಂದ್ಲು."

ಓದಿದೆ. ಇಂಗ್ಲಿಷಿನ ಮೂರೇ ಸಾಲು. ಒಂದು ವಾರದೊಳಗೆ ಮುಂದಿನ ಪರೀಕ್ಷೆಗೆ ತಪ್ಪದೆ ಬರಬೇಕು.

"ನಾನು ಅವತ್ತು ಓದಲಿಲ್ಲ, ಅಣ್ಣಾ."

ಆತ ಕೂಗಾಡಲಿಲ್ಲ. ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡ.

"ಓದ್ಬೋದಿತ್ತು," ಅಂದ. ಅಷ್ಟೇ. ಹೊರಟ.

ಆಮೇಲೆ ಎರಡು ವರ್ಷ ಭಾನುವಾರದ ತರಗತಿಯ ಗೊಡವೆಗೇ ಹೋಗಲಿಲ್ಲ. ಮೊನ್ನೆ ಹೊರಟಿದ್ದು ಬೇತಮಂಗಲದ ಹೊಸ ತಂಡಕ್ಕೆ. ಕೈಯಲ್ಲಿ ಏನೂ ಬರೆದುಕೊಳ್ಳದೆ ಹೋಗಿ ನಿಂತೆ. ನಿಮಗೆ ಇಂಗ್ಲಿಷ್ ಯಾವುದಕ್ಕೆ ಬೇಕು ಎಂದು ಕೇಳಿದೆ.  ಗಡಿಯಾರ ನೋಡದೆ ಕಾದೆ. ಕಡೆಗೆ ಹಿಂದಿನಿಂದ ಒಬ್ಬ ಹೆಂಗಸು ಎದ್ದಳು.

"ಡಾಕ್ಟ್ರಿಗೆ, 'ನಂಗೆ ಅರ್ತ ಆಗ್ನಿಲ್ಲ, ಇನ್ನೊಂದ್ ಕಿತ ಏಳಿ' ಅನ್ನಾಕೆ ಎಂಗನ್ನದು ಮೇಡಂ?"

ಬೋರ್ಡಿನ ಕಡೆ ತಿರುಗಿದೆ. ಆ ಸಾಲನ್ನು ಎರಡು ಸಲ ಅಳಿಸಿ, ಮೂರನೇ ಸಲ ದೊಡ್ಡಕ್ಷರದಲ್ಲಿ ಬರೆದೆ.