ಬ್ಲೇಡು ಎತ್ತಿದ ಒಂಬತ್ತು ಮೈಲಿ

ಆರ್ವಿಡ್ ಟ್ವೈಟ್ ಮೂವತ್ತೊಂದು ಚಳಿಗಾಲ ರಾಜ್ಯ ಸರ್ಕಾರದ, ಮುಂದೆ ಅಗಲವಾದ ಉಕ್ಕಿನ ಬ್ಲೇಡು ಇರುವ, ಹಿಮ ತಳ್ಳುವ ಲಾರಿ ಓಡಿಸಿದವನು. ನಾನು ಅವನ ಜೊತೆ ಕೆಲಸ ಮಾಡಿದವನು. ಮಿನ್ನೆಸೋಟಾದ ನಮ್ಮ ಮೂಲೆಯ ಒಂಬತ್ತು ಮೈಲಿಯ 346ನೇ ಹೆದ್ದಾರಿಯನ್ನು ರಾಜ್ಯದ ಪಟ್ಟಿಯಿಂದ ತೆಗೆದು ಕೌಂಟಿಯ, ಅಂದರೆ ಜಿಲ್ಲಾಡಳಿತದ, ತಲೆಗೆ ಕಟ್ಟಿದಾಗ ಅದರ ಫಲಕಗಳನ್ನು ಬಿಚ್ಚಿದವನೂ ಅವನೇ. ಅವನ ಮನೆ ಇದ್ದದ್ದೂ ಅದೇ ರಸ್ತೆಯಲ್ಲಿ.

ಮೊದಲ ಹಿಮ ಬಿದ್ದ ದಿನ ಅಭ್ಯಾಸಬಲದಿಂದ ಆ ಒಂಬತ್ತು ಮೈಲಿಯ ಹಿಮವನ್ನೂ ತಳ್ಳಿಬಿಟ್ಟ. ಮೇಲಧಿಕಾರಿ ರೇಗಿದ. "ಅದು ನಮ್ದಲ್ಲ ಕಣಯ್ಯಾ! ಗಡಿ ಬಂದ ತಕ್ಷಣ ಬ್ಲೇಡು ಎತ್ತು."

ಆದರೆ ಅವನು ಹಿಮ ತಳ್ಳಬೇಕಿದ್ದ ಆಚೆಯ ದೊಡ್ಡ ಹೆದ್ದಾರಿ ಸೇರಲು ಬೇರೆ ದಾರಿಯೇ ಇರಲಿಲ್ಲ. ಅಂದಿನಿಂದ ಹಿಮದ ದಿನಗಳಲ್ಲೆಲ್ಲ ಆರ್ವಿಡ್ ಬ್ಲೇಡು ಮೇಲೆತ್ತಿಕೊಂಡೇ ತನ್ನ ಮನೆಯ ಮುಂದೆ ಹೋಗುತ್ತಿದ್ದ. ಇಂಥ ಬುದ್ಧಿಗೇಡಿತನಕ್ಕೂ ಒಂದು ಆದೇಶಪತ್ರವಿತ್ತು.

ಒಂದು ಸಂಜೆ ಹನ್ನೆರಡು ಗಂಟೆಯ ಪಾಳಿ ಮುಗಿದ ಮೇಲೆ ಅವನನ್ನು ನನ್ನ ಕಾರಿನಲ್ಲಿ ಮನೆಗೆ ಬಿಟ್ಟೆ. ಅವನ ಹೆಂಡತಿ ಇಂಗಾ ರಸ್ತೆಬದಿಯ ತಮ್ಮ ಅಂಚೆಪೆಟ್ಟಿಗೆಯ ಹತ್ತಿರ ಹಿಮ ಎತ್ತಿಹಾಕುತ್ತಿದ್ದಳು.

"ಬೆಳಿಗ್ಗೆ ಅಷ್ಟ್ ದೊಡ್ಡ ಬ್ಲೇಡು ಎತ್ಕೊಂಡು ರಾಜನ್ ಥರ ಹೋದ್ರಲ್ಲ?"

"ಕೌಂಟಿಯವ್ರು ಬರ್ತಾರೆ ಕಣೇ."

"ಬರ್ತಾರೆ, ಏಪ್ರಿಲ್‌ನಲ್ಲಿ, ಹಿಮ ಕರಗಿದ್ ಮೇಲೆ." ಅವಳು ಸಲಿಕೆಯನ್ನು ಅವನ ಕೈಗಿಟ್ಟಳು. "ಇದಕ್ಕೆ ಗಡಿಗಿಡಿ ಏನೂ ಇಲ್ಲ, ಹಿಡ್ಕೊಳ್ಳಿ."

ಊಟದ ಡಬ್ಬಿಯನ್ನು ಹಿಮದ ಮೇಲಿಟ್ಟು ಅವನು ಹಿಮ ಎತ್ತಲು ಬಗ್ಗಿದ.